ರಾಣಿಯ ಸಮಾಧಿಯ ಅಳತೆ ಯಾರ ಹತ್ರ ಐತಿ?

ಹೋದ ಸೆಮಿಸ್ಟರಿನ ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲಿನ ಟೆರೇಸ್ ಮೇಲೆ ಕೂತಿದ್ದೆವು. ಒಬ್ಬ ಗೆಳೆಯನ ಮೊಬೈಲಿನಲ್ಲಿ ಒಂದು ರೀಲ್ ಓಡುತ್ತಿತ್ತು. ಮರಳುಗಾಡಿನಲ್ಲಿ ಸಾಲಾಗಿ ನಿಂತ ಸಣ್ಣ, ಚೂಪಾದ ಪಿರಮಿಡ್‌ಗಳು. ಸುಮಾರಷ್ಟಕ್ಕೆ ತಲೆಯೇ ಇಲ್ಲ. ‘ಈಜಿಪ್ಟ್ ಅಲ್ಲಲೇ ಇದು, ಸುಡಾನ್. ನೂಬಿಯಾದ ರಾಣಿ ಗೋರಿ’ ಅಂತ ಅವನೇ ವಿವರಣೆ ಕೊಟ್ಟ. ಎಲ್ಲರೂ ಬಾಯಿ ತೆರೆದು ನೋಡಿದೆವು. ಆಮೇಲೆ ಯಾರೋ ಸುಮ್ಮನೆ ಕೇಳಿದರು: ‘ಅದಿರ್ಲಿ, ನಮ್ಮ ಕಿತ್ತೂರು ಚೆನ್ನಮ್ಮನ ಸಮಾಧಿ ಎಲ್ಲೈತಿ?’

ಒಬ್ಬ ಕಿತ್ತೂರು ಅಂದ. ಇನ್ನೊಬ್ಬ ಕಾಕತಿ ಅಂದ. ಮತ್ತೊಬ್ಬ ಬಹಳ ಧೈರ್ಯದಿಂದ ನಂದಗಡ ಅಂದ. ಕಾಕತಿ ಆಕೆ ಹುಟ್ಟಿದ ಊರು. ಕಿತ್ತೂರು ಆಳಿದ ಊರು. ನಂದಗಡ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಸಮಾಧಿ ಇರುವುದು ಬೈಲಹೊಂಗಲದಲ್ಲಿ. ಮರುದಿನ ಸಂಘದ ಗ್ರೂಪಿನಲ್ಲೂ ಇದನ್ನೇ ಕೇಳಿದೆವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲ್ಲೂಕಿನವರೇ ಹೆಚ್ಚಾಗಿರುವ ಗ್ರೂಪು ಅದು. ಬೈಲಹೊಂಗಲ ನಮ್ಮದೇ ಬೆಳಗಾವಿ ಜಿಲ್ಲೆ, ಚಿಕ್ಕೋಡಿಯಿಂದ ಸುಮಾರು ನೂರು ಕಿಲೋಮೀಟರ್. ಆದರೂ ಹೋಗಿ ನೋಡಿ ಬಂದವರು ಬೆರಳೆಣಿಕೆಯಷ್ಟು ಜನ. ನವೆಂಬರ್ ಒಂದಕ್ಕೆ ಆಕೆಯ ಹೆಸರು ಕೂಗಿ ಗಂಟಲು ಕಟ್ಟಿಸಿಕೊಂಡವರು ನಾವೇ.

ಹಾಗಂತ ಇದು ‘ನಮ್ಮ ಪೀಳಿಗೆಗೆ ಇತಿಹಾಸ ಗೊತ್ತಿಲ್ಲ’ ಅಂತ ಗೋಳಾಡುವ ಲೇಖನ ಅಲ್ಲ. ಅಂಥ ಭಾಷಣ ಪಿಯುಸಿಯಲ್ಲೇ ಸಾಕಷ್ಟು ಕೇಳಿದ್ದೇವೆ. ನಾವು ಹೇಳಬೇಕಾದದ್ದು ಒಂದೇ ಮಾತು. ರಾಣಿಯ ಸಮಾಧಿ ಇರಲಿ, ನಮ್ಮೂರ ಹೊರಗೆ ಬಿದ್ದಿರುವ ಹೆಸರಿಲ್ಲದ ಕಲ್ಲಿರಲಿ, ಅದರ ಸರಿಯಾದ ಅಳತೆ, ನಕ್ಷೆ, ದಾಖಲೆ ಮಾಡಿಡುವುದು ಬೇರೆ ಯಾರದೋ ಕೆಲಸ ಅಂತ ಎಂಜಿನಿಯರಿಂಗ್ ಓದುವ ನಾವು ಕೈಕಟ್ಟಿ ಕೂರಬಾರದು. ಇದು ನಮ್ಮ ಕೈಯಲ್ಲಿ ಆಗುವ ಕೆಲಸ. ಯಾಕೆ ಅನ್ನುವುದಕ್ಕೆ ಆ ರೀಲಿನ ರಾಣಿಯ ಕಥೆಯನ್ನೇ ಮೊದಲು ಹೇಳುತ್ತೇವೆ.

ಸುಡಾನಿನ ರಾಜಧಾನಿ ಖಾರ್ತೂಮಿನಿಂದ ಈಶಾನ್ಯಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ ಮೆರೊಯೆ ಅನ್ನುವ ಹಳೆಯ ಪಟ್ಟಣವಿದೆ. ನೂಬಿಯಾದ ಕುಶ್ ರಾಜ್ಯದ ರಾಜಧಾನಿ ಅದು. ಅಲ್ಲಿನ ರಾಣಿಯರಿಗೆ ‘ಕಂದಾಕೆ’ ಅನ್ನುವ ಬಿರುದು ಇತ್ತು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಆಳಿದ ಅಮಾನಿಶಖೆತೊ ಅವರಲ್ಲೊಬ್ಬಳು. ಆಕೆಯನ್ನು ನೆಲದ ಕೆಳಗಿನ ಕೋಣೆಯಲ್ಲಿಟ್ಟು ಮೇಲೆ ಪಿರಮಿಡ್ ಕಟ್ಟಿದ್ದರು. 1834ರಲ್ಲಿ ಫೆರ್ಲಿನಿ ಅನ್ನುವ ಇಟಲಿಯ ವೈದ್ಯ ಅಲ್ಲಿಗೆ ಬಂದ. ಈಜಿಪ್ಟಿನ ಸೈನ್ಯದಲ್ಲಿ ಚಾಕರಿ ಮಾಡಿ, ನಿಧಿಯ ಆಸೆ ಹತ್ತಿಸಿಕೊಂಡು ಬಂದವನು. ಕೂಲಿಗಳನ್ನು ಹಚ್ಚಿ ರಾಣಿಯ ಪಿರಮಿಡ್ಡನ್ನು ತುದಿಯಿಂದ ಕೆಳಗೆ ಕೆಡವಿಸುತ್ತ ಹೋದ. ಬಂಗಾರ ಸಿಕ್ಕಿತು. ಅದನ್ನು ಯುರೋಪಿಗೆ ಒಯ್ದು ಮಾರಲು ಹೋದಾಗ, ಆಫ್ರಿಕಾದವರು ಇಷ್ಟು ನಾಜೂಕಾಗಿ ಒಡವೆ ಮಾಡಿರಲಾರರು, ಇದು ನಕಲಿ ಅಂತ ಮೊದಮೊದಲು ಹಲವರು ನಂಬಲೇ ಇಲ್ಲವಂತೆ. ಕಡೆಗೆ ಆ ಒಡವೆ ಮ್ಯೂನಿಕ್ ಮತ್ತು ಬರ್ಲಿನ್ನಿನ ಮ್ಯೂಸಿಯಂ ಸೇರಿದವು.

ಒಡವೆ ಹೇಗೋ ಉಳಿಯಿತು. ಪಿರಮಿಡ್ ಉಳಿಯಲಿಲ್ಲ. ಹಾಗಾದರೆ ಅದು ಹೇಗಿತ್ತು ಅಂತ ಈಗ ಹೇಗೆ ಗೊತ್ತಾಗುತ್ತದೆ? ಫೆರ್ಲಿನಿಗಿಂತ ಹದಿಮೂರು ವರ್ಷ ಮುಂಚೆ, 1821ರಲ್ಲಿ, ಕಯೋ ಅನ್ನುವ ಫ್ರೆಂಚ್ ಪ್ರವಾಸಿಯೊಬ್ಬ ಅಲ್ಲಿಗೆ ಹೋಗಿ ಕೂತು ಚಿತ್ರ ಬರೆದುಕೊಂಡಿದ್ದ. ಆ ಚಿತ್ರದಲ್ಲಿ ರಾಣಿಯ ಪಿರಮಿಡ್ ಇನ್ನೂ ನಿಂತಿದೆ. ಕಾಗದದ ಮೇಲಿನ ಒಂದು ಚಿತ್ರ ಕಲ್ಲಿನ ಕಟ್ಟಡಕ್ಕಿಂತ ಹೆಚ್ಚು ಬಾಳಿತು ನೋಡ್ರಿ. ನಮ್ಮ ವಾದದ ಬುನಾದಿ ಇದೇ.

ಮುಂದಿನ ಶತಮಾನದಲ್ಲಿ ಇನ್ನೊಬ್ಬ ಬಂದ. ಹಿಂಕೆಲ್ ಅಂತ, ಪೂರ್ವ ಜರ್ಮನಿಯ ವಾಸ್ತುಶಿಲ್ಪಿ. 1960ರ ದಶಕದಲ್ಲಿ ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ನೂಬಿಯಾದ ಗುಡಿಗಳು ಮುಳುಗುವ ಹೊತ್ತಿಗೆ ಅವನ್ನು ಕಲ್ಲುಕಲ್ಲಾಗಿ ಬಿಚ್ಚಿ ಖಾರ್ತೂಮಿಗೆ ಸಾಗಿಸುವ ಕೆಲಸದಲ್ಲಿದ್ದವನು. ಆಮೇಲೆ ದಶಕಗಟ್ಟಲೆ ಮೆರೊಯೆಯ ಪಿರಮಿಡ್‌ಗಳನ್ನು ಅಳೆದ, ಬರೆದ, ದುರಸ್ತಿ ಮಾಡಿದ. ಅಷ್ಟು ಎತ್ತರಕ್ಕೆ ಕಲ್ಲು ಎತ್ತಿದ್ದು ಹೇಗೆ ಅನ್ನುವ ಪ್ರಶ್ನೆಗೂ ಅವನೇ ಉತ್ತರ ಹುಡುಕಿದ. ಪಿರಮಿಡ್ಡಿನ ನಟ್ಟನಡುವೆ ಮರದ ಕಂಬ ನಿಲ್ಲಿಸಿದ್ದ ಕುರುಹು ಸಿಕ್ಕಿತು. ಅದರ ಮೇಲೆ ಅಡ್ಡಮರ ಕಟ್ಟಿ ಕಲ್ಲು ಎತ್ತಿದ್ದರು ಅಂತ ಅವನ ತೀರ್ಮಾನ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಏತ. ನಮ್ಮ ಅಜ್ಜಂದಿರು ಬಾವಿಯಿಂದ ನೀರೆತ್ತುತ್ತಿದ್ದರಲ್ಲ, ಅದೇ ಏತ! ಮೆಕ್ಯಾನಿಕಲ್‌ನವರು ಇದನ್ನು ಫಸ್ಟ್ ಕ್ಲಾಸ್ ಲಿವರ್ ಅಂತ ಓದಿ ಮಾರ್ಕ್ಸ್ ತಗೊಂಡಿದ್ದಾರೆ.

ಈಗ ನಮ್ಮ ರಾಣಿಯ ಕಡೆ ಬರೋಣ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ನಡೆದದ್ದು ಎಲ್ಲರಿಗೂ ಗೊತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ, ಕಂಪನಿ ಸೈನ್ಯ ಸೋತಿತು. ಡಿಸೆಂಬರಿನಲ್ಲಿ ಬ್ರಿಟಿಷರು ದೊಡ್ಡ ಸೈನ್ಯ ತಂದು ಕೋಟೆ ಹಿಡಿದರು. ಸಿನಿಮಾದಲ್ಲೂ ನಾಟಕದಲ್ಲೂ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿದುಬಿಡುತ್ತದೆ. ಆದರೆ ರಾಣಿಯ ಬದುಕು ಮುಗಿದಿರಲಿಲ್ಲ. ಆಕೆಯನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆ ಇಟ್ಟರು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದು, 1829ರ ಫೆಬ್ರವರಿಯಲ್ಲಿ ತೀರಿಕೊಂಡಳು. ಆ ಊರಿನಲ್ಲೇ ಸಮಾಧಿ ಆಯಿತು. ಫೆರ್ಲಿನಿ ಸುಡಾನಿನಲ್ಲಿ ರಾಣಿಯ ಗೋರಿ ಒಡೆಸಿದ್ದು ಇದಾದ ಐದೇ ವರ್ಷಕ್ಕೆ.

ಲಿಂಗಾಯತರಲ್ಲಿ ಮಣ್ಣು ಮಾಡುವ ರೀತಿ ನಮಗೆಲ್ಲ ಗೊತ್ತಿದ್ದದ್ದೇ. ಸುಡುವುದಿಲ್ಲ. ಕೂತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ಹಾಕಿ ಮಣ್ಣಿಗಿಡುತ್ತಾರೆ. ದೊಡ್ಡವರಾಗಿದ್ದರೆ ಮೇಲೆ ಗದ್ದುಗೆ ಕಟ್ಟುತ್ತಾರೆ. ಅಥಣಿಯ ಗೆಳೆಯರಿಗೆ 1921ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳ ಗದ್ದುಗೆ ಚಿಕ್ಕಂದಿನಿಂದ ಗೊತ್ತು. ಇಲ್ಲಿ ಬಂಗಾರ ಹೂಳುವ ರೂಢಿ ಇಲ್ಲ. ಅಂದರೆ ಕದಿಯಲು ಏನೂ ಇಲ್ಲ. ಕದಿಯಲು ಏನೂ ಇಲ್ಲದ ಜಾಗ ಕಳೆದೂ ಹೋಗುವುದಿಲ್ಲ ಅಂತ ನಾವು ತಿಳಿದಿದ್ದೇವೆ. ಅದು ತಪ್ಪು ತಿಳಿವಳಿಕೆ.

ಯಾಕಂದ್ರೆ ಜಾಗ ಎರಡು ರೀತಿಯಲ್ಲಿ ಕಳೆದುಹೋಗುತ್ತದೆ. ಒಂದು, ಫೆರ್ಲಿನಿಯ ಹಾಗೆ ಒಡೆದು. ಇನ್ನೊಂದು, ಭಕ್ತಿಯಿಂದ ಮುಚ್ಚಿ. ನಮ್ಮ ಕಡೆ ಎರಡನೆಯದೇ ಹೆಚ್ಚು. ಊರಿನಲ್ಲಿ ಯಾರೋ ದಾನಿಗಳು ಮುಂದೆ ಬರುತ್ತಾರೆ. ಹಳೆಯ ಗದ್ದುಗೆಗೆ ಟೈಲ್ಸ್ ಕೂರುತ್ತವೆ, ಗ್ರಾನೈಟ್ ಕೂರುತ್ತದೆ, ವೀರಗಲ್ಲಿಗೆ ಆಯಿಲ್ ಪೇಂಟ್ ಬೀಳುತ್ತದೆ. ಮಾಡಿದವರ ಮನಸ್ಸು ಒಳ್ಳೆಯದೇ. ಆದರೆ ಒಳಗಿನ ಕಲ್ಲು ಎಷ್ಟು ಅಗಲ ಇತ್ತು, ಯಾವ ಗಾರೆ ಬಳಸಿದ್ದರು, ಮೇಲೆ ಅಕ್ಷರ ಇತ್ತೋ ಇಲ್ಲವೋ, ಅದು ಮತ್ತೆ ಯಾರಿಗೂ ತಿಳಿಯುವುದಿಲ್ಲ. ಟೈಲ್ಸ್ ಹಾಕುವ ಹಿಂದಿನ ದಿನ ಒಬ್ಬರು ಟೇಪ್ ಹಿಡಿದು ಅಳೆದು, ಹತ್ತಿಪ್ಪತ್ತು ಫೋಟೊ ತೆಗೆದಿಟ್ಟಿದ್ದರೆ ಸಾಕಾಗಿತ್ತು.

ಟೆರೇಸಿನ ಮಾತಾದ ಎರಡು ವಾರಕ್ಕೆ ನಾವು ಆರು ಮಂದಿ ಭಾನುವಾರ ಬೈಲಹೊಂಗಲಕ್ಕೆ ಹೋದೆವು. ಸಮಾಧಿ ಸ್ಥಳ ಈಗ ಉದ್ಯಾನದೊಳಗಿದೆ. ಜನ ಬರುತ್ತಾರೆ, ಕೈಮುಗಿಯುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು, ಸುಳ್ಳು ಯಾಕೆ ಹೇಳಬೇಕು. ಒಬ್ಬಳು ಸಿವಿಲ್ ವಿಭಾಗದವಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಅಂದಾಜು ಸ್ಕೆಚ್ ಹಾಕತೊಡಗಿದಳು. ಪಕ್ಕದ ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು ಕೇಳಿದರು: ‘ಯಾ ಊರವ್ವಾ ತಂಗಿ?’ ‘ಚಿಕ್ಕೋಡಿ ಕಡೇವ್ರರೀ ಅಜ್ಜಾರ.’ ‘ಹೌದಾ? ಬಂದವ್ರೆಲ್ಲಾ ಫೋಟೋ ತಗಿತಾರ, ನೀ ಏನ್ ಬರಕೋತೀ?’ ‘ಅಳತಿ ರೀ.’ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರಕೋ ಬರಕೋ. ನಾಳೆ ಯಾರರೆ ಕೇಳಿದ್ರ ಇರಬೇಕಲಾ’ ಅಂದರು. ಎಂಟು ಸೆಮಿಸ್ಟರಿನಲ್ಲಿ ದಾಖಲೆ ಯಾಕೆ ಬೇಕು ಅನ್ನುವುದನ್ನು ಇಷ್ಟು ಸರಳವಾಗಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಜಾಗ ರಾಷ್ಟ್ರೀಯ ಸ್ಮಾರಕ ಆಗಬೇಕು ಅನ್ನುವ ಒತ್ತಾಯ ಬಹಳ ವರ್ಷದ್ದು. ನಮ್ಮ ಬೆಂಬಲವೂ ಇದೆ. ಆದರೆ ಮನವಿ ಪತ್ರ ಕೊಡುವುದರ ಜತೆಗೆ ನಾವು ಮಾಡಬಹುದಾದ ಕೆಲಸವೂ ಇದೆಯಲ್ಲ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕಿತ್ತೂರಿನ ಕಥೆಯಲ್ಲೇ ಇದಕ್ಕೊಂದು ಪಾಠ ಐತಿ. ಮೊದಲ ಯುದ್ಧದಲ್ಲಿ ರಾಣಿಯ ಕಡೆಯವರು ಇಬ್ಬರು ಕಿರಿಯ ಇಂಗ್ಲಿಷ್ ಅಧಿಕಾರಿಗಳನ್ನು ಸೆರೆ ಹಿಡಿದಿದ್ದರು. ಅವರಲ್ಲೊಬ್ಬ ವಾಲ್ಟರ್ ಎಲಿಯಟ್. ಆಗ ಅವನಿಗೆ 21 ವರ್ಷ, ನಮ್ಮ ಫೈನಲ್ ಇಯರ್‌ನವರ ವಯಸ್ಸು. ಡಿಸೆಂಬರಿನಲ್ಲಿ ಬಿಡುಗಡೆಯಾದ. ಮುಂದೆ ಇದೇ ಸೀಮೆಯಲ್ಲಿ ನೌಕರಿ ಮಾಡುತ್ತ ಊರೂರು ಸುತ್ತಿ, ಕಲ್ಲಿನ ಮೇಲಿದ್ದ ಶಾಸನಗಳ ಪ್ರತಿ ಮಾಡಿಸಿದ. ಸುಮಾರು 600 ಶಾಸನಗಳ ಕೈಬರಹದ ಸಂಗ್ರಹ ಅದು. ಚಾಲುಕ್ಯರ ಇತಿಹಾಸ ಬರೆಯಲು ಮೊದಲು ದಾರಿ ಮಾಡಿಕೊಟ್ಟದ್ದರಲ್ಲಿ ಅದೂ ಒಂದು. ಕಿತ್ತೂರನ್ನು ನುಂಗಿದ ಕಂಪನಿಯ ನೌಕರ ಅವನು, ಅವನನ್ನು ಹೊಗಳಿ ಅಟ್ಟಕ್ಕೇರಿಸುವ ಅಗತ್ಯ ನಮಗಿಲ್ಲ. ಆದರೆ ಆ ವಯಸ್ಸಿನಲ್ಲಿ ಈ ನೆಲದಲ್ಲಿ ಸೆರೆಯಾಳಾಗಿದ್ದವನಿಗೆ ಇಲ್ಲಿನ ಕಲ್ಲು ಓದಬೇಕು ಅನ್ನಿಸಿತು, ಇಲ್ಲೇ ಹುಟ್ಟಿ ಬೆಳೆದ ನಮಗೆ ಅನ್ನಿಸುತ್ತಿಲ್ಲ. ಇದು ಚುಚ್ಚಬೇಕಾದ ಮಾತು.

ಓದುವ ಮಾತು ಬಂತು. ಕನ್ನಡ ಸಂಘದವರಾಗಿ ನಮ್ಮ ನಿದ್ದೆ ಕೆಡಿಸಿದ್ದು ಇದೇ ವಿಷಯ. ಮೆರೊಯೆಯ ರಾಣಿಯರ ಭಾಷೆಗೆ ಸ್ವಂತ ಲಿಪಿ ಇತ್ತು. ಗ್ರಿಫಿತ್ ಅನ್ನುವ ವಿದ್ವಾಂಸ ಸುಮಾರು ನೂರು ವರ್ಷದ ಹಿಂದೆಯೇ ಆ ಅಕ್ಷರಗಳ ಉಚ್ಚಾರ ಕಂಡುಹಿಡಿದ. ಅಂದರೆ ಗಟ್ಟಿಯಾಗಿ ಓದಬಹುದು. ಆದರೆ ಓದಿದ್ದು ಬಹುಪಾಲು ಅರ್ಥವಾಗುವುದಿಲ್ಲ, ಭಾಷೆಯೇ ಸತ್ತುಹೋಗಿದೆ. ರಾಣಿಯ ಹೆಸರು ಓದಬಹುದು, ಆಕೆಯ ಬಗ್ಗೆ ಬರೆದದ್ದು ಪೂರ್ತಿ ತಿಳಿಯದು. ನಮ್ಮದು ಇದಕ್ಕೆ ತದ್ವಿರುದ್ಧ. ಭಾಷೆ ಬದುಕಿದೆ, ಅಡುಗೆಮನೆಯಲ್ಲಿ ಅವ್ವ ಬೈಯುವಾಗಲೂ ಕೇಳಿಸುತ್ತದೆ. ಆದರೆ ಎಂಟುನೂರು ವರ್ಷದ ಹಿಂದಿನ ಕನ್ನಡ ಅಕ್ಷರ ಎದುರಿಗಿಟ್ಟರೆ ನಮಗೆ ಬರುವುದಿಲ್ಲ. ಅವರಿಗೆ ಅಕ್ಷರ ಬರ್ತಾವ, ಅರ್ಥ ಇಲ್ಲ. ನಮಗ ಅರ್ಥ ಹೇಳವ್ರು ಇನ್ನೂ ಅದಾರ, ಅಕ್ಷರದ ಕಡೆ ನಾವು ಹೊಳ್ಳಿ ನೋಡೂದಿಲ್ಲ. ಅವರ ನಷ್ಟಕ್ಕೆ ಮದ್ದಿಲ್ಲ. ನಮ್ಮದಕ್ಕೆ ಒಂದು ತಿಂಗಳ ಕಾರ್ಯಾಗಾರ ಸಾಕು.

ಓದಲು ಕಲ್ಲು ಎಲ್ಲಿವೆ ಅಂತೀರಾ? ಚಿಕ್ಕೋಡಿ ತಾಲ್ಲೂಕಿನ ಎಕ್ಸಂಬಾಕ್ಕೆ ಹೋಗಿ. ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಳಣ ಅಲ್ಲಿ ನೇಮಿನಾಥ ಬಸದಿ ಕಟ್ಟಿಸಿದ್ದನ್ನು 1165ರ ಶಾಸನ ಹೇಳುತ್ತದೆ. ರಾಯಬಾಗದಲ್ಲಿ ರಟ್ಟರ ಅರಸ ನಾಲ್ವಡಿ ಕಾರ್ತವೀರ್ಯನ ಕಾಲದ ಶಾಸನವಿದೆ. ಕೊಲ್ಲಾಪುರ, ಮಿರಜ ಕಡೆಯೂ ಹಳೆಯ ಕನ್ನಡ ಶಾಸನಗಳು ಸಿಕ್ಕಿವೆ. ಮನೆಯಲ್ಲಿ ಮರಾಠಿ ಮಾತಾಡುವ ನಿಪ್ಪಾಣಿ ಗೆಳೆಯರೂ ಈ ಕೆಲಸದಲ್ಲಿ ನಮ್ಮ ಜತೆ ಬರಬೇಕು ಅಂತ ನಾವು ಕೇಳಿಕೊಳ್ಳುವುದು ಅದಕ್ಕೇ. ಕಲ್ಲಿಗೆ ಗಡಿ ವಿವಾದ ಗೊತ್ತಿಲ್ಲ. ಅಕ್ಷರ ಯಾವುದೇ ಇರಲಿ, ಅಳತೆ ಟೇಪು ಒಂದೇ.

ಇವೆಲ್ಲ ಪುಸ್ತಕ ಸೇರಿದ ಕಲ್ಲುಗಳು, ಅವಕ್ಕೆ ಭಯ ಕಡಿಮೆ. ಭಯ ಇರುವುದು ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಹನುಮಪ್ಪನ ಗುಡಿ ಹಿಂದೆ ವಾಲಿಕೊಂಡು ನಿಂತ ಕಲ್ಲುಗಳಿಗೆ. ಯುದ್ಧದಲ್ಲೋ ದನ ಕಾಯುವಾಗಲೋ ಸತ್ತವನ ವೀರಗಲ್ಲು. ಸಲ್ಲೇಖನ ಮಾಡಿದ ಜೈನರ ನಿಷಿಧಿಗಲ್ಲು. ಬಳೆ ತೊಟ್ಟು ಮೇಲೆತ್ತಿದ ಕೈ ಇರುವ ಮಾಸ್ತಿಕಲ್ಲು. ಈ ಕೊನೆಯದನ್ನು ಪೂಜೆ ಮಾಡಿ ಅಂತ ನಾವು ಖಂಡಿತ ಹೇಳುತ್ತಿಲ್ಲ. ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಣ್ಣುಮಗಳೊಬ್ಬಳ ಲೆಕ್ಕ ಅದು. ಹೆಸರೂ ಇಲ್ಲದ ಆಕೆಯ ಬಗ್ಗೆ ಉಳಿದಿರುವ ಒಂದೇ ಗುರುತು. ಆ ಲೆಕ್ಕವನ್ನೂ ಅಳಿಸಿಬಿಟ್ಟರೆ ಆಕೆಗೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ. ರಾಣಿಯ ಹೆಸರು ಹೇಗಾದರೂ ಉಳಿಯುತ್ತದೆ, ರೈಲಿಗೂ ವಿಶ್ವವಿದ್ಯಾಲಯಕ್ಕೂ ಇಟ್ಟಿದ್ದಾರೆ. ಈಕೆಯ ಹೆಸರು ಯಾರು ಇಡುತ್ತಾರೆ?

ಇದಕ್ಕೆ ಕಾಲವೂ ಇಲ್ಲ. ರಸ್ತೆ ಅಗಲ ಮಾಡುವ ಜೆಸಿಬಿಗೆ ವೀರಗಲ್ಲೂ ಒಂದೇ ಸೈಜುಗಲ್ಲೂ ಒಂದೇ. ಬಟ್ಟೆ ಒಗೆಯಲು ಚಪ್ಪಟೆ ಕಲ್ಲು ಎಲ್ಲರಿಗೂ ಬೇಕು. ಹಳೆಯ ಗುಡಿಯ ಬುಡ ಅಗೆಯುವ ನಿಧಿಗಳ್ಳರು, ಅಂದರೆ ನಮ್ಮ ಊರಿನ ಫೆರ್ಲಿನಿಗಳು, ಬೇರೆ. ಅದರ ಮೇಲೆ ಕೃಷ್ಣೆ. 2019ರ ಆಗಸ್ಟಿನಲ್ಲಿ, ಮತ್ತೆ 2021ರಲ್ಲಿ, ನದಿ ದಂಡೆಯ ನಮ್ಮ ಊರುಗಳಿಗೆ ನೀರು ನುಗ್ಗಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆಗ ದನಕರು, ಕಾಳುಕಡಿ, ಅಜ್ಜಿಯ ಔಷಧಿ ಚೀಟಿ ಎತ್ತಿಕೊಂಡು ಓಡಿದೆವು. ಕಲ್ಲಿನ ನೆನಪು ಯಾರಿಗೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅದಕ್ಕೇ ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಟ್ಟಿರಬೇಕು.

ನಮಗೆ ಎದುರಾಗುವ ಮಾತುಗಳು ಮೂರು ಇವೆ ಅಂತ ಗೊತ್ತು.

ಮೊದಲನೆಯದು, ‘ಅದು ಪುರಾತತ್ವ ಇಲಾಖೆ ಕೆಲಸ.’ ಹೌದು, ಅಗೆಯುವುದು, ದುರಸ್ತಿ ಮಾಡುವುದು ಅವರದೇ ಕೆಲಸ. ನಾವು ಅದಕ್ಕೆ ಕೈ ಹಚ್ಚಲೇಬಾರದು. ರಾಜ್ಯದಲ್ಲಿ 1961ರ ಕಾಯ್ದೆಯೇ ಇದೆ. ಆದರೆ ಪ್ರತಿ ಹಳ್ಳಿಯ ಪ್ರತಿ ಕಲ್ಲಿನ ಹತ್ತಿರ ಇಲಾಖೆಯವರು ಬಂದು ನಿಲ್ಲಲು ಆಗುವುದಿಲ್ಲ. ಪ್ರತಿ ಹಳ್ಳಿಯಿಂದ ಕಾಲೇಜಿಗೆ ಬರುವವರು ನಾವು.

ಎರಡನೆಯದು, ‘ಪ್ಲೇಸ್‌ಮೆಂಟಿಗೆ ಏನ್ ಉಪಯೋಗ?’ ಇದಕ್ಕೂ ಉತ್ತರ ಇದೆ. ಸಿವಿಲ್‌ನವರು ಸರ್ವೆ ಕ್ಯಾಂಪಿನಲ್ಲಿ ಟೋಟಲ್ ಸ್ಟೇಷನ್ ಹಿಡಿಯುತ್ತೀರಿ, ಕಾಲೇಜಿನ ಮೈದಾನವನ್ನೇ ಪ್ರತಿ ವರ್ಷ ಅಳೆಯುತ್ತೀರಿ. ಅದೇ ಯಂತ್ರ ಒಂದು ಗದ್ದುಗೆಯ ಮುಂದೆ ನಿಲ್ಲಲಿ. ಕಂಪ್ಯೂಟರ್ ಸೈನ್ಸ್‌ನವರು ಸುತ್ತಲೂ ತೆಗೆದ ಫೋಟೊಗಳಿಂದ ಮೂರು ಆಯಾಮದ ಮಾದರಿ ಮಾಡಬಹುದು. ಮಸುಕಾದ ಅಕ್ಷರಕ್ಕೆ ಬೇರೆಬೇರೆ ಕೋನದಿಂದ ಬೆಳಕು ಬಿಟ್ಟು ಫೋಟೊ ತೆಗೆದರೆ ಕಣ್ಣಿಗೆ ಕಾಣದ್ದೂ ಎದ್ದು ಕಾಣುತ್ತದೆ. ಇಂಟರ್‌ವ್ಯೂನಲ್ಲಿ ಎಲ್ಲರೂ ಹೇಳುವ ಅದೇ ಅಟೆಂಡೆನ್ಸ್ ಆ್ಯಪ್ ಬದಲು ಇದನ್ನು ಹೇಳಿ ನೋಡಿ.

ಮೂರನೆಯದು, ‘ಟೈಮ್ ಎಲ್ಲೈತಿ?’ ಟೈಮು ಸಿಲೆಬಸ್‌ನಲ್ಲೇ ಐತಿ. ನಮ್ಮ ವಿಟಿಯು ಸ್ಕೀಮಿನಲ್ಲಿ ‘ಸೋಶಿಯಲ್ ಕನೆಕ್ಟ್’ ವಿಷಯದ ಕೆಳಗೆ ಹೆರಿಟೇಜ್ ವಾಕ್ ಅನ್ನುವುದು ಬಂದಿದೆ. ನಾವು ಏನು ಮಾಡಿದೆವು? ಹಂಪಿ, ಗೋಲಗುಂಬಜದ ಫೋಟೊ ಡೌನ್‌ಲೋಡ್ ಮಾಡಿ, ಸೀನಿಯರ್ ರಿಪೋರ್ಟಿನ ಹೆಸರು ಬದಲಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ಕೊಟ್ಟೆವು. ಹೌದು, ನಾವೂ ಕೊಟ್ಟವರೇ. ಅದೇ ನಲವತ್ತು ಪುಟದಲ್ಲಿ ಒಂದೊಂದು ಬ್ಯಾಚು ಒಂದೊಂದು ಊರಿನ ಕಲ್ಲುಗಳನ್ನು ದಾಖಲಿಸಿದ್ದರೆ ಇಷ್ಟೊತ್ತಿಗೆ ಈ ಐದು ತಾಲ್ಲೂಕಿನ ದೊಡ್ಡದೊಂದು ಸಂಗ್ರಹ ನಮ್ಮ ಲೈಬ್ರರಿಯಲ್ಲಿ ಇರುತ್ತಿತ್ತು.

ಹಾಗಾಗಿ ನಾವು ಕೇಳುವುದು ಇಷ್ಟೆ. ಈ ವರ್ಷದ ಹೆರಿಟೇಜ್ ವಾಕ್ ನಿಮ್ಮ ಸ್ವಂತ ಊರಿನಲ್ಲೇ ಆಗಲಿ. ಊರಿನ ಹಿರಿಯರನ್ನು ಕೇಳಿ, ಒಪ್ಪಿಗೆ ತಗೊಂಡು ಹೋಗಿ. ಕಲ್ಲನ್ನು ಕದಲಿಸಬೇಡಿ, ತೊಳೆಯಬೇಡಿ, ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ಎಣ್ಣೆ ಹಚ್ಚಬೇಡಿ. ಉದ್ದ, ಅಗಲ, ದಪ್ಪ, ಮುಖ ಯಾವ ದಿಕ್ಕಿಗಿದೆ, ಊರಿನವರು ಏನಂತ ಕರೆಯುತ್ತಾರೆ, ಇಷ್ಟನ್ನು ಬರೆದುಕೊಳ್ಳಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ನಿಖರವಾದ ಜಿಪಿಎಸ್ ಜಾಗವನ್ನು ಮಾತ್ರ ಇನ್‌ಸ್ಟಾಗ್ರಾಮಿಗೆ ಹಾಕಬೇಡಿ, ನಿಧಿಗಳ್ಳರಿಗೆ ನಾವೇ ದಾರಿ ತೋರಿಸಿದಂತಾಗುತ್ತದೆ. ಅದು ಕಾಲೇಜಿನ ಹತ್ತಿರ ಮತ್ತು ಇಲಾಖೆಯ ಹತ್ತಿರ ಇರಲಿ. ಹಳೆಯ ಲಿಪಿ ಓದಲು ಕಲಿಸುವವರನ್ನು ಕರೆಸುವ ಜವಾಬ್ದಾರಿ ಸಂಘದ್ದು. ರಾಜ್ಯೋತ್ಸವದ ಆರ್ಕೆಸ್ಟ್ರಾ ಇರಲಿ, ನಾವೂ ಕುಣಿಯುವವರೇ. ಅದರ ಖರ್ಚಿನಲ್ಲಿ ಒಂದಿಷ್ಟು ಇದಕ್ಕೆ ತೆಗೆದಿಡಬೇಕು ಅಂತ ಮುಂದಿನ ಸಭೆಯಲ್ಲಿ ಕೇಳುತ್ತೇವೆ. ಬೈಲಹೊಂಗಲದ ಸಮಾಧಿಯ ಪೂರ್ಣ ಅಳತೆಗೆ ಅನುಮತಿ ಕೋರಿ ಪತ್ರವನ್ನೂ ಬರೆಯುತ್ತಿದ್ದೇವೆ.

2019ರಲ್ಲಿ ಸುಡಾನಿನ ಬೀದಿಗಳಲ್ಲಿ ಸರ್ಕಾರದ ವಿರುದ್ಧ ನಿಂತ ಹೆಣ್ಣುಮಕ್ಕಳನ್ನು ಜನ ‘ಕಂದಾಕ’ ಅಂತ ಕರೆದರು. ಎರಡು ಸಾವಿರ ವರ್ಷದ ಹಿಂದಿನ ರಾಣಿಯರ ಬಿರುದು ಮತ್ತೆ ಬಾಯಿಗೆ ಬಂತು. ನಮ್ಮಲ್ಲೂ ಎದುರು ಮಾತಾಡುವ ಹುಡುಗಿಗೆ ‘ಭಾರೀ ಕಿತ್ತೂರ ಚೆನ್ನಮ್ಮ ಅದಾಳ ನೋಡು’ ಅಂತಾರೆ. ಹೆಸರು ಬಾಯಲ್ಲಿ ಉಳಿಯುತ್ತದೆ, ಅದರ ಬಗ್ಗೆ ಚಿಂತೆ ಇಲ್ಲ. 2023ರಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದ ಮೇಲೆ ಖಾರ್ತೂಮಿನ ರಾಷ್ಟ್ರೀಯ ಮ್ಯೂಸಿಯಂ ಲೂಟಿಯಾಯಿತು. ಏನೇನು ಹೋಗಿದೆ ಅಂತ ಪಟ್ಟಿ ಮಾಡಲು ಅಲ್ಲಿನವರಿಗೆ ಆಧಾರ ಯಾವುದು? ಹಿಂದೆ ಯಾರೋ ಕೂತು ಬರೆದಿಟ್ಟ ಪಟ್ಟಿ, ತೆಗೆದಿಟ್ಟ ಫೋಟೊ, ಹಾಕಿಟ್ಟ ನಕ್ಷೆ.

2029ರ ಫೆಬ್ರವರಿಗೆ ಚೆನ್ನಮ್ಮ ರಾಣಿ ತೀರಿಕೊಂಡು 200 ವರ್ಷ ತುಂಬುತ್ತದೆ. ಈಗ ಮೊದಲ ವರ್ಷದಲ್ಲಿರುವವರು ಡಿಗ್ರಿ ಮುಗಿಸುವ ಹೊತ್ತು ಅದು. ಆಗಲೂ ಹಾರ ಹಾಕುವವರು, ಭಾಷಣ ಮಾಡುವವರು ಬಹಳ ಜನ ಇರುತ್ತಾರೆ. ನಾವು ಒಂದು ನಕ್ಷೆ ಹಿಡಿದುಕೊಂಡು ಹೋಗೋಣ. ಆ ಅಜ್ಜ ಅಂದಂಗ, ನಾಳೆ ಯಾರರೆ ಕೇಳಿದ್ರ ಇರಬೇಕಲಾ.